ಆನೆ, ನವಿಲು, ಬಸವಣ್ಣ: ಮನೆಯಲ್ಲಿಯೇ ಒಂದು ಕಸೂತಿ ಹೊತ್ತಿಗೆ

ಕಾಯಕದಲ್ಲಿ ಮೇಲು ಕೀಳೆಂಬುದನ್ನು ನಮ್ಮ ಶರಣರು ಎಣಿಸಲಿಲ್ಲ. ಮಗ್ಗದ ಮುಂದೆ ಕುಳಿತ ದೇವರ ದಾಸಿಮಯ್ಯನವರು, ನೂಲು ತೆಗೆದ ಕದಿರ ರೆಮ್ಮವ್ವೆ, ಸೂಜಿಕಾಯಕದ ರಾಮಿತಂದೆ, ಇವರೆಲ್ಲರೂ ಕೈಯ ಕೆಲಸವನ್ನೇ ಅನುಭಾವದ ಹಾದಿಯಾಗಿ ಮಾಡಿಕೊಂಡವರು. ರೆಮ್ಮವ್ವೆಯ ಕದಿರೂ ರಾಮಿತಂದೆಯ ಸೂಜಿಯೂ ಅನುಭವ ಮಂಟಪದ ನೆನಪಿನೊಂದಿಗೆ ಉಳಿದು ಬಂದಿವೆ. ಆದರೆ ಅದೇ ಸೂಜಿಯನ್ನು ಹಿಡಿದು ತಲೆಮಾರುಗಳಿಂದ ಸೀರೆಯ ಸೆರಗಿನ ಮೇಲೆ ಆನೆಯನ್ನು ನಡೆಸಿದ, ನವಿಲನ್ನು ಕುಣಿಸಿದ ನಮ್ಮ ಮನೆಗಳ ತಾಯಂದಿರ ಹೆಸರು ಎಲ್ಲಿಯೂ ಬರೆದಿಲ್ಲ. ಅವರ ಬರಹವೆಂದರೆ ಆ ಸೆರಗುಗಳೇ. ಸೆರಗು ಹರಿದರೆ ಬರಹವೂ ಹರಿಯಿತು.

ಆ ಬರಹದ ಕೆಲವು ಪುಟಗಳನ್ನಾದರೂ ಕಾಗದಕ್ಕೆ ಇಳಿಸಿಕೊಳ್ಳುವುದು ಹೇಗೆ, ಪ್ರಾಣಿ ಪಕ್ಷಿಗಳ ಕಸೂತಿ ವಿನ್ಯಾಸಗಳ ಒಂದು ಚಿಕ್ಕ ಸಚಿತ್ರ ಹೊತ್ತಿಗೆಯನ್ನು ಮನೆಯಲ್ಲಿಯೇ ಸಿದ್ಧಪಡಿಸುವುದು ಹೇಗೆ ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ. ನಮ್ಮ ಮನೆಯಲ್ಲಿ ಈ ಕೆಲಸ ಮಾಡಿ ಮುಗಿಸಿದ್ದೇವೆ. ಮಾಡುವಾಗ ಎಡವಿದ್ದೂ ಉಂಟು, ಕಲಿತದ್ದೂ ಉಂಟು.

ಒಂದು ಭಾಂಡೆಯ ಬೆಲೆ

ಕನ್ನಡದಲ್ಲಿ ಕಸೂತಿ ಎಂಬ ಮಾತು ಎಲ್ಲ ಬಗೆಯ ಸೂಜಿಗೆಲಸಕ್ಕೂ ಬಳಕೆಯಾಗುತ್ತದೆ. ಆದರೆ ಧಾರವಾಡ, ಬೆಳಗಾವಿ, ವಿಜಯಪುರ, ಬಾಗಲಕೋಟೆ, ಗದಗ ಸೀಮೆಯ ಕಸೂತಿಯೇ ಬೇರೆ. ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವಂತಿಲ್ಲ. ಎಳೆಗಳನ್ನು ಎಣಿಸುತ್ತಲೇ ಹೊಲಿಯಬೇಕು. ಗಂಟು ಹಾಕುವಂತಿಲ್ಲ. ಇಳಕಲ್ಲ ಸೀರೆಯ ಸೆರಗು, ಗುಳೇದಗುಡ್ಡದ ಖಣದ ಕುಪ್ಪಸ, ಕೂಸಿನ ಕುಂಚಿಗೆ, ಇವೆಲ್ಲ ಅದರ ನೆಲೆಗಳು. ಮದುವೆಯಲ್ಲಿ ಹೆಣ್ಣುಮಗಳಿಗೆ ತವರಿನವರು ಕೊಡುವ ಸೀರೆಗಳಲ್ಲಿ ಕಪ್ಪು ರೇಷ್ಮೆಯ ಚಂದ್ರಕಾಳಿ ಸೀರೆಗೆ ವಿಶೇಷ ಮರ್ಯಾದೆಯಿತ್ತು. 2000ರ ದಶಕದ ನಡುವಿನ ವರ್ಷಗಳಲ್ಲಿ ಈ ಕಸೂತಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆತಿದೆ. ಮಾನ್ಯತೆ ಹೆಸರನ್ನು ಕಾಯುತ್ತದೆ. ಆದರೆ ಒಂದೊಂದು ಮನೆಯಲ್ಲಿ ಬೇರೆ ಬೇರೆಯಾಗಿ ಬೆಳೆದ ವಿನ್ಯಾಸಗಳನ್ನು ಕಾಯಬೇಕಾದವರು ಆ ಮನೆಯವರೇ.

ನಾನು ಕಾಯಲಿಲ್ಲ. ಮದುವೆಯಾಗಿ ಬಂದ ಕೆಲವು ವರ್ಷಗಳಲ್ಲಿ, ಅತ್ತೆಯವರು ಊರಿಗೆ ಹೋಗಿದ್ದ ಒಂದು ಮಧ್ಯಾಹ್ನ, ಹಳೆಯ ಬಟ್ಟೆಗೆ ಭಾಂಡೆ ಕೊಡುವವಳು ಬಾಗಿಲಿಗೆ ಬಂದಳು. ಟ್ರಂಕಿನ ತಳದಲ್ಲಿ ಮಡಿಕೆ ಬಿಟ್ಟು ಸವೆದಿದ್ದ ಒಂದು ಸೀರೆಯನ್ನು ಕೊಟ್ಟು ಒಂದು ಸ್ಟೀಲಿನ ಡಬರಿ ತೆಗೆದುಕೊಂಡೆ. ಅದರ ಸೆರಗಿನಲ್ಲಿ ಒಂದು ಸಾಲು ಬಸವಣ್ಣಗಳಿದ್ದವು. ಅತ್ತೆಯವರ ತಾಯಿ ಹಾಕಿದ್ದವು. ಅತ್ತೆಯವರು ಬಂದ ಮೇಲೆ ತಿಳಿದು ಒಂದೂ ಮಾತನಾಡಲಿಲ್ಲ. ಆ ಡಬರಿ ಇಂದಿಗೂ ನಮ್ಮ ಅಡುಗೆಮನೆಯಲ್ಲಿದೆ. ಅದನ್ನು ಒಲೆಯ ಮೇಲಿಡುವಾಗೆಲ್ಲ ಆ ಮೌನದ ನೆನಪಾಗುತ್ತದೆ.

ಈಗ ಅತ್ತೆಯವರಿಗೆ ಎಂಬತ್ತು ದಾಟಿದೆ, ಕಣ್ಣು ಮಂದವಾಗಿದೆ. ಉಳಿದದ್ದು ಅವರ ಚಂದ್ರಕಾಳಿ ಸೀರೆಯೊಂದು, ಮಕ್ಕಳ ಎರಡು ಕುಂಚಿಗೆ, ನಾಲ್ಕು ಕುಪ್ಪಸ. ಹೋದ ಶ್ರಾವಣದಲ್ಲಿ ಕಾಲೇಜಿಗೆ ರಜೆಯಿದ್ದಾಗ ಬಂದ ಮಗಳು ಆ ಸೀರೆಯನ್ನು ಬಿಡಿಸಿ ನೋಡಿ, "ಆಯಿ, ಇದನ್ನ ಹಾಕೋದು ನನಗ ಯಾರು ಕಲಿಸತಾರ?" ಎಂದು ಕೇಳಿದಳು. ಆ ಪ್ರಶ್ನೆಯಿಂದ ಈ ಹೊತ್ತಿಗೆಯ ಕೆಲಸ ಆರಂಭವಾಯಿತು.

ಕಸೂತಿಯ ಪ್ರಾಣಿಲೋಕ

ಕಸೂತಿಯಲ್ಲಿ ಗೋಪುರ, ತೇರು, ಪಲ್ಲಕ್ಕಿ, ತೊಟ್ಟಿಲುಗಳ ನಡುವೆ ಪ್ರಾಣಿ ಪಕ್ಷಿಗಳಿಗೆ ದೊಡ್ಡ ಸ್ಥಾನವಿದೆ. ಅಂಬಾರಿ ಹೊತ್ತ ಆನೆ, ಗರಿ ಬಿಚ್ಚಿದ ಮತ್ತು ಗರಿ ಇಳಿಬಿಟ್ಟ ನವಿಲು, ಜೋಡಿ ಗಿಳಿ, ಹಂಸ, ಜಿಂಕೆ, ಕುದುರೆ, ಅಳಿಲು ಮತ್ತು ನಮ್ಮ ಬಸವಣ್ಣ. ಇವು ಪುಸ್ತಕ ನೋಡಿ ಹುಟ್ಟಿದವಲ್ಲ. ಗುಡಿಯ ಗೋಡೆಯಲ್ಲಿ, ಜಾತ್ರೆಯ ತೇರಿನಲ್ಲಿ, ಹೊಲದ ಬದುವಿನಲ್ಲಿ, ಹಿತ್ತಲಿನ ಗಿಡದಲ್ಲಿ ಕಂಡದ್ದನ್ನು ಎಳೆಗಳ ಲೆಕ್ಕಕ್ಕೆ ಒಗ್ಗಿಸಿಕೊಂಡ ರೂಪಗಳು.

ಈ ರೂಪಗಳನ್ನು ಮೂಡಿಸುವ ಹೊಲಿಗೆಗಳು ನಾಲ್ಕು. ಗವಂತಿ ಮೊದಲನೆಯದು. ಇದರಲ್ಲಿ ದಾರವು ಒಂದು ಹೊಲಿಗೆ ಮೇಲೆ, ಒಂದು ಹೊಲಿಗೆ ಕೆಳಗೆ ಎಂದು ಹೋಗಿ, ಹಿಂದಿರುಗುವಾಗ ಬಿಟ್ಟುಬಂದ ತೆರಪುಗಳನ್ನು ತುಂಬುತ್ತದೆ. ಎರಡೂ ಬದಿಯಲ್ಲಿ ಚಿತ್ರ ಒಂದೇ ರೀತಿ ಕಾಣುತ್ತದೆ. ಮುರಗಿಯೂ ಇದೇ ಕ್ರಮದ್ದು, ಆದರೆ ಮೆಟ್ಟಿಲು ಮೆಟ್ಟಿಲಾಗಿ ಓರೆಯಲ್ಲಿ ಏರಿಳಿಯುತ್ತದೆ. ನೇಗಿಯಲ್ಲಿ ಉದ್ದ ಗಿಡ್ಡ ಹೊಲಿಗೆಗಳು ಸಾಲುಸಾಲಾಗಿ ಬಂದು ನೇಯ್ದ ಬಟ್ಟೆಯಂತೆ ತೋರುತ್ತವೆ. ಹಿಂಬದಿಯಲ್ಲಿ ತುಂಬಿದ್ದು ಖಾಲಿಯಾಗಿ, ಖಾಲಿಯಿದ್ದದ್ದು ತುಂಬಿ ಕಾಣುತ್ತದೆ. ಮೆಂತೆ ಹೊಲಿಗೆ ಮೆಂತೆಯ ಕಾಳಿನಂತೆ ಒತ್ತಾಗಿ ಕೂರುವ ಅಡ್ಡಕತ್ತರಿ. ಭಾರವಾದ ಮೈ ತುಂಬಲು ಬಳಸುತ್ತಾರೆ.

ಇಂತಹ ವಿನ್ಯಾಸಗಳನ್ನು ಪುಸ್ತಕವಾಗಿ ಮಾಡುವುದು ಹೊಸ ಸಂಗತಿಯೇನಲ್ಲ. ಜರ್ಮನಿಯ ಆಗ್ಸ್‌ಬರ್ಗ್ ನಗರದಲ್ಲಿ 1520ರ ದಶಕದಲ್ಲಿಯೇ ಸೂಜಿಗೆಲಸದ ವಿನ್ಯಾಸಗಳ ಮುದ್ರಿತ ಪುಸ್ತಕಗಳು ಹೊರಬಂದಿದ್ದವು. ನಮ್ಮ ಗವಂತಿಯನ್ನೇ ಹೋಲುವ ಹೊಲಿಗೆ ಅಲ್ಲಿಯೂ ಇತ್ತು. 16ನೆಯ ಶತಮಾನದ ಚಿತ್ರಕಾರ ಹೋಲ್ಬೈನ್ ತನ್ನ ಚಿತ್ರಗಳಲ್ಲಿ ಕೊರಳಪಟ್ಟಿ, ತೋಳಪಟ್ಟಿಗಳ ಮೇಲೆ ಅದನ್ನು ಸೂಕ್ಷ್ಮವಾಗಿ ಬರೆದುದರಿಂದ ಅದಕ್ಕೆ ಅವನ ಹೆಸರೇ ಉಳಿಯಿತು. ಆ ಪುಸ್ತಕಗಳ ಪ್ರತಿಗಳು ಇಂದು ಸಿಗುವುದು ತೀರ ವಿರಳ. ಹೆಣ್ಣುಮಕ್ಕಳು ಅವುಗಳ ಪುಟಗಳನ್ನು ಚುಚ್ಚಿ, ಬಿಡಿಸಿ, ಬಳಸಿ ಸವೆಸಿದರು. ಅಂತಹ ಪುಸ್ತಕಕ್ಕೆ ಅದು ಒಳ್ಳೆಯ ಅಂತ್ಯವೇ ಸರಿ.

ಎಣಿಸಿ ಬರೆದುಕೊಳ್ಳುವ ಬಗೆ

ಹಳೆಯ ಸೀರೆಯನ್ನು ಮೊದಲು ಶುಚಿಯಾದ ಬಿಳಿಯ ಹಾಸಿನ ಮೇಲೆ ನೆರಳಿನಲ್ಲಿ ಬಿಡಿಸಬೇಕು. ಬಿಸಿಲಿಗೆ ಹಾಕಬಾರದು, ಟಾಚಣಿ ಚುಚ್ಚಬಾರದು. ಹಳೆಯ ರೇಷ್ಮೆ ಮಡಿಕೆಯಲ್ಲಿಯೇ ಸೀಳುತ್ತದೆ. ಆದ್ದರಿಂದ ನೋಡಿದ ಮೇಲೆ ಮತ್ತೆ ಅದೇ ಮಡಿಕೆಗೆ ಮಡಚದೆ ಹಳೆಯ ಮೆತ್ತನೆಯ ಪಂಚೆಯೊಂದಿಗೆ ಸುರುಳಿ ಸುತ್ತಿಡುವುದು ಲೇಸು. ಮೊಬೈಲಿನಲ್ಲಿ ಚಿತ್ರ ತೆಗೆಯುವಾಗ ಪಕ್ಕದಲ್ಲಿ ಅಳತೆಪಟ್ಟಿಯಿಟ್ಟು ನೇರ ಮೇಲಿನಿಂದ ತೆಗೆಯಬೇಕು. ಓರೆಯಾಗಿ ತೆಗೆದರೆ ಆನೆಯ ಕಾಲು ಒಂದು ಕಡೆ ಗಿಡ್ಡವಾಗಿ ಎಣಿಕೆ ತಪ್ಪುತ್ತದೆ.

ಇಲ್ಲಿ ಒಂದು ಉಪಯುಕ್ತ ಸಂಗತಿಯನ್ನು ಹೇಳಬೇಕು. ಮುಂಬದಿಯ ಬಣ್ಣ ಮಾಸಿ ಹೊಲಿಗೆ ಕಾಣದಿದ್ದರೆ ಸೀರೆಯನ್ನು ಮಗುಚಿ ನೋಡಿರಿ. ಗವಂತಿ ಮತ್ತು ಮುರಗಿಯಲ್ಲಿ ಎರಡೂ ಬದಿ ಒಂದೇ ಆದುದರಿಂದ, ಬೆಳಕು ಕಾಣದ ಹಿಂಬದಿಯಲ್ಲಿ ಅದೇ ಚಿತ್ರವು ಹೊಸದರಂತೆ ಉಳಿದಿರುತ್ತದೆ. ಎಡ ಬಲ ಮಾತ್ರ ಅದಲುಬದಲಾಗುತ್ತದೆ. ನಮ್ಮ ಚಂದ್ರಕಾಳಿಯಲ್ಲಿ ಮುಂದೆ ಮಣ್ಣಿನ ಬಣ್ಣಕ್ಕೆ ತಿರುಗಿದ್ದ ನವಿಲು ಹಿಂದೆ ಹಸಿರಾಗಿಯೇ ಇದ್ದುದನ್ನು ಕಂಡು ಮನೆಯವರೆಲ್ಲ ಬೆರಗಾದೆವು.

ಬರೆದುಕೊಳ್ಳಲು 5 ಮಿಲಿಮೀಟರಿನ ಚೌಕಗಳಿರುವ ಗ್ರಾಫ್ ಹಾಳೆ ಸಾಕು. ಒಂದು ಹೊಲಿಗೆಗೆ ಒಂದು ಚೌಕದ ಒಂದು ಬದಿ. ಅಡ್ಡ ಹೊಲಿಗೆಗೆ ಅಡ್ಡ ಗೆರೆ, ನಿಲುವಿಗೆ ನಿಲುವು ಗೆರೆ, ಓರೆ ಹೊಲಿಗೆಗೆ ಚೌಕದ ಮೂಲೆಯಿಂದ ಮೂಲೆಗೆ ಗೆರೆ. ಮೆಂತೆಗೆ ಚೌಕದೊಳಗೆ ಕತ್ತರಿ ಗುರುತು. ಪ್ರತಿ ಹತ್ತು ಚೌಕಕ್ಕೊಮ್ಮೆ ಅಂಚಿನಲ್ಲಿ ಸಂಖ್ಯೆ ಬರೆಯುತ್ತ ಹೋದರೆ ಎಲ್ಲಿ ತಪ್ಪಿತೆಂಬುದು ಬೇಗ ತಿಳಿಯುತ್ತದೆ.

ಒಂದು ಹೊಲಿಗೆಗೆ ಎಷ್ಟು ಎಳೆ ಎಂಬುದು ಬಟ್ಟೆಯ ನೇಯ್ಗೆಯನ್ನು ಅವಲಂಬಿಸಿದೆ. ಒಂದು ಅಂಗುಲಕ್ಕೆ 56 ಎಳೆ ಬರುವ ಬಟ್ಟೆಯಲ್ಲಿ 4 ಎಳೆಗೆ ಒಂದು ಹೊಲಿಗೆ ಹಾಕಿದರೆ ಅಂಗುಲಕ್ಕೆ 14 ಹೊಲಿಗೆಗಳಾದವು. ಆಗ 35 ಹೊಲಿಗೆ ಅಗಲದ ಆನೆ ಬಟ್ಟೆಯ ಮೇಲೆ ಎರಡೂವರೆ ಅಂಗುಲ ಅಗಲವಾಗುತ್ತದೆ. ಆದರೆ ಹಾಸಿನ ಎಳೆಯೂ ಹೊಕ್ಕಿನ ಎಳೆಯೂ ಸಮನಾಗಿ ಒತ್ತಾಗಿರಬೇಕೆಂದೇನೂ ಇಲ್ಲ. ಒಂದು ಕಡೆ ಒತ್ತು ಹೆಚ್ಚಾದರೆ ಗ್ರಾಫಿನಲ್ಲಿ ಅಂದವಾಗಿದ್ದ ಆನೆ ಬಟ್ಟೆಯ ಮೇಲೆ ಕುಳ್ಳಾಗುತ್ತದೆ ಇಲ್ಲವೇ ಸೊರಗುತ್ತದೆ. ಅದಕ್ಕಾಗಿ ಮೊದಲು ಬಟ್ಟೆಯ ಮೂಲೆಯಲ್ಲಿ ಅಡ್ಡಲಾಗಿ ಹತ್ತು, ನಿಲುವಾಗಿ ಹತ್ತು ಹೊಲಿಗೆ ಹಾಕಿ ಅಳೆದು ನೋಡುವುದು ಜಾಣತನ. ಹೊಸದಾಗಿ ಕಲಿಯುವವರು ಚೌಕಗಳು ಸ್ಪಷ್ಟವಾಗಿ ಕಾಣುವ ಮ್ಯಾಟಿ ಬಟ್ಟೆಯ ಮೇಲೆ ಆರಂಭಿಸಬೇಕು.

ಆನೆಯ ಕಣ್ಣಿಗೆ ಹೋಗುವ ಹಾದಿ

ಅಂಬಾರಿಯ ಆನೆಯನ್ನು ನಾನೇ ಎಣಿಸಿ ಬರೆದೆ. ಎರಡು ಸಂಜೆ ಹಿಡಿಯಿತು. ಬರೆಯುವಾಗ ಆನೆಯ ಹಣೆಯಿಂದ ಕಣ್ಣಿನವರೆಗೆ ಒಂದೇ ಒಂದು ಹೊಲಿಗೆಯ ಗೆರೆ ಕಂಡಿತು. ಕಣ್ಣು ನಾಲ್ಕು ಹೊಲಿಗೆಯ ಒಂದು ಪುಟ್ಟ ಚೌಕ. ಅದಕ್ಕೆ ಅಂಟಿಕೊಂಡ ಆ ಗೆರೆ ಅಂದಗೆಡಿಸುವ ತಪ್ಪೆಂದು ನಾನು ಬಗೆದೆ. ಹಾಕಿದವರು ಎಲ್ಲಿಯೋ ಎಣಿಕೆ ತಪ್ಪಿರಬೇಕೆಂದು ಅದನ್ನು ಬಿಟ್ಟು ಶುದ್ಧವಾದ ಪ್ರತಿಯನ್ನು ಮಾಡಿದೆ.

ಮಗಳು ಆ ಪ್ರತಿಯನ್ನು ನೋಡಿ ಮ್ಯಾಟಿಯ ಮೇಲೆ ಹೊಲಿಯತೊಡಗಿದಳು. ಮೈ, ಸೊಂಡಿಲು, ಅಂಬಾರಿ ಎಲ್ಲ ಸರಿಯಾಯಿತು. ಕಣ್ಣಿನ ಬಳಿ ದಾರ ನಿಂತುಹೋಯಿತು. ಕಣ್ಣಿಗೆ ಹಾರಿದರೆ ಹಿಂಬದಿಯಲ್ಲಿ ಒಂದು ಒಂಟಿ ಎಳೆ ಎದ್ದು ಕಾಣುತ್ತದೆ. ಬೇರೆ ದಾರದಿಂದ ಹಾಕಿದರೆ ನಾಲ್ಕು ಹೊಲಿಗೆಗೆ ಎರಡು ತುದಿಗಳನ್ನು ಮುಚ್ಚುವ ಜಾಗವಿಲ್ಲ, ಗಂಟು ಬೀಳುತ್ತದೆ. ಮೂರು ಸಲ ಬಿಚ್ಚಿ ಹಾಕಿದಳು. ಕೊನೆಗೆ ಅಜ್ಜಿಯ ಬಳಿಗೆ ಒಯ್ದಳು. ಅತ್ತೆಯವರು ಹಿಂಬದಿಯ ಮೇಲೆ ಬೆರಳಾಡಿಸಿ, ನನ್ನನ್ನು ಕರೆದರು.

"ಹಣಿಯಿಂದ ಒಂದು ಹೊಲಿಗಿ ಇತ್ತಲ್ಲ, ಅದು ಎಲ್ಲಿ ಹೋತು?"

"ಅದು ತಪ್ಪು ಅನಿಸಿತು ಅತ್ತಿ, ಬಿಟ್ಟೆ."

"ತಪ್ಪಲ್ಲ ಯವ್ವಾ. ದಾರಕ್ಕ ಕಣ್ಣಿಗೆ ಹೋಗಾಕ ಒಂದು ಹಾದಿ ಬೇಕಲ್ಲ? ಹೋದ ಹಾದೀಲೇ ತಿರುಗಿ ಬರಬೇಕಲ್ಲ?"

ಅಂದು ನನಗೆ ಕಸೂತಿಯ ಮರ್ಮ ತಿಳಿಯಿತು. ಒಂದಕ್ಕೊಂದು ಕೂಡಿಕೊಂಡ ಗೆರೆಗಳ ಯಾವ ಚಿತ್ರವನ್ನಾದರೂ ಗವಂತಿಯಲ್ಲಿ ಒಂದೇ ದಾರದಿಂದ ಹಾಕಿ ಹೊರಟಲ್ಲಿಗೇ ಹಿಂದಿರುಗಬಹುದು. ಪ್ರತಿಯೊಂದು ಗೆರೆಯನ್ನೂ ದಾರವು ಎರಡು ಸಲ ದಾಟುತ್ತದೆ, ಒಮ್ಮೆ ಮೇಲಿನಿಂದ, ಒಮ್ಮೆ ಕೆಳಗಿನಿಂದ. ದಾರಿಯಲ್ಲಿ ಒಂದು ಕವಲು ಬಂದರೆ ಅದರೊಳಗೆ ಹೋಗಿ ಬಂದು ಮುಂದೆ ಸಾಗಬೇಕು. ಕವಲಿನಲ್ಲಿ ಎಷ್ಟು ಹೆಜ್ಜೆ ಹೋದರೆ ಅಷ್ಟೇ ಹೆಜ್ಜೆ ಹಿಂದಿರುಗುವುದರಿಂದ ಒಟ್ಟು ಹೆಜ್ಜೆ ಯಾವಾಗಲೂ ಸಮಸಂಖ್ಯೆ. ಆದ್ದರಿಂದ ಮೇಲೆ ಕೆಳಗಿನ ಸರದಿ ಕೆಡುವುದಿಲ್ಲ. ಚಿತ್ರದಿಂದ ಬೇರೆಯಾಗಿ ನಿಂತ ತುಂಡಿಗೆ ಮಾತ್ರ ಈ ನಿಯಮ ಒದಗುವುದಿಲ್ಲ. ವಿಜ್ಞಾನ ಓದುವ ಮಗಳು, 18ನೆಯ ಶತಮಾನದ ಗಣಿತಜ್ಞ ಆಯ್ಲರ್ ಊರಿನ ಸೇತುವೆಗಳನ್ನು ದಾಟುವ ಲೆಕ್ಕದಲ್ಲಿ ಕಂಡುಕೊಂಡ ತತ್ತ್ವದ ಜಾತಿಯದೇ ಇದೆಂದು ಹೇಳಿದಳು. ಶಾಲೆಯ ಮುಖ ಕಾಣದ ನಮ್ಮ ಹಿರಿಯರು ಅದನ್ನು ಸೂಜಿಯ ಮೊನೆಯಲ್ಲಿ ಅರಿತಿದ್ದರು. ನಾನು ಪದವಿ ಪಡೆದವಳು ಅದನ್ನು ತಪ್ಪೆಂದು ಅಳಿಸಿದ್ದೆ.

ಆ ಬಳಿಕ ಹೊತ್ತಿಗೆಗೆ ಒಂದು ನಿಯಮ ಮಾಡಿಕೊಂಡೆವು. ಹಳೆಯ ವಿನ್ಯಾಸವನ್ನು ಇದ್ದುದಿದ್ದಂತೆ ಬರೆಯಬೇಕು. ತಿದ್ದಬೇಕೆನಿಸಿದರೆ ಪಕ್ಕದಲ್ಲಿ ಬೇರೆಯಾಗಿ ಬರೆಯಬೇಕು. ಚಿತ್ರದ ಗೆರೆಗಳನ್ನು ಎರಡು ಬಣ್ಣದ ಪೆನ್ಸಿಲಿನಲ್ಲಿ ತೋರಿಸಬೇಕು: ಹೋಗುವಾಗಿನ ಹೊಲಿಗೆ ಕೆಂಪು, ಬರುವಾಗಿನದು ನೀಲಿ. ಆರಂಭದ ಬಿಂದುವಿಗೆ ಒಂದು ಸೊನ್ನೆ, ದಾರ ತಿರುಗುವ ಕಡೆ ಒಂದು ಬಾಣದ ಗುರುತು. ಇಷ್ಟಿದ್ದರೆ ಕಲಿಸುವವರಿಲ್ಲದ ಮನೆಯಲ್ಲಿಯೂ ಮಕ್ಕಳು ಹೊಲಿಯಬಲ್ಲರು.

ಹೊಸ ಪ್ರಾಣಿಯನ್ನು ಚೌಕಕ್ಕೆ ತರುವುದು

ಹಳೆಯದನ್ನು ಉಳಿಸುವುದರೊಂದಿಗೆ ಹೊಸದನ್ನು ಸೇರಿಸಬೇಕೆಂಬುದು ಮಗಳ ಹಟ. ಅವಳು ಹಿತ್ತಲಿನ ಪೇರಲ ಗಿಡದ ಅಳಿಲನ್ನೂ, ಚಿಕ್ಕಪ್ಪನ ಮನೆಯ ಖಿಲಾರಿ ಎತ್ತನ್ನೂ ಆರಿಸಿಕೊಂಡಳು.

ಪ್ರಾಣಿಯನ್ನು ಮೊದಲು ಸಾದಾ ಹಾಳೆಯ ಮೇಲೆ ಒಂದೇ ಹೊರಗೆರೆಯಲ್ಲಿ ಬರೆಯಬೇಕು. ಅದರ ಗುರುತು ಯಾವುದರಲ್ಲಿದೆ ಎಂಬುದನ್ನು ನೋಡಿ ತಿಳಿಯಬೇಕು. ಅಳಿಲಿನ ಗುರುತು ಬಾಲ ಮತ್ತು ಬೆನ್ನಿನ ಗೆರೆ. ಖಿಲಾರಿಯ ಗುರುತು ಮೊದಲು ಹಿಂದಕ್ಕೆ ಬಾಗಿ ಆಮೇಲೆ ಮೇಲಕ್ಕೇರುವ ಉದ್ದ ಕೋಡು, ಮತ್ತು ಹಿಣಿಲು. ಗುರುತಿನ ಅಂಗಕ್ಕೆ ಹೆಚ್ಚು ಚೌಕಗಳನ್ನು ಕೊಟ್ಟು ಉಳಿದುದನ್ನು ಸರಳಗೊಳಿಸಬೇಕು. ಕಸೂತಿಯಲ್ಲಿ ಬಾಗಿದ ಗೆರೆಯಿಲ್ಲ; ಬಾಗನ್ನು ಮೆಟ್ಟಿಲುಗಳಾಗಿಯೂ ಓರೆಗಳಾಗಿಯೂ ಒಡೆಯಬೇಕು. ಎರಡು ಅಡ್ಡ ಒಂದು ನಿಲುವು ಎಂದರೆ ಇಳಿಜಾರು ಮಂದ. ಒಂದು ಅಡ್ಡ ಎರಡು ನಿಲುವು ಎಂದರೆ ಕಡಿದು. ಒಂದರಿಂದ ಇನ್ನೊಂದಕ್ಕೆ ಮೆಲ್ಲನೆ ಸರಿದರೆ ಕಣ್ಣಿಗೆ ಅದು ಬಾಗಾಗಿಯೇ ತೋರುತ್ತದೆ. ಬರೆದ ಮೇಲೆ ಹಾಳೆಯನ್ನು ಆರು ಅಡಿ ದೂರದಲ್ಲಿಟ್ಟು ಮನೆಯ ಚಿಕ್ಕ ಮಕ್ಕಳಿಗೆ ತೋರಿಸಿರಿ. ಮಗು ಎತ್ತೆಂದರೆ ಅದು ಎತ್ತು. ನಾಯಿಯೆಂದರೆ ಮತ್ತೆ ಬರೆಯಬೇಕು. ಮಗಳ ಮೊದಲ ಎರಡು ಎತ್ತುಗಳು ನಾಯಿಗಳಾದವು.

ಕಾರಹುಣ್ಣಿಮೆಯ ದಿನ ಸಿಂಗರಿಸಿದ ಎತ್ತನ್ನು ನೋಡಿ ಬಂದ ಮೇಲೆ ಮೂರನೆಯದು ಸರಿಹೋಯಿತು. ಕೋಡಿಗೆ ಕಟ್ಟಿದ ಗೊಂಡೆಗಳನ್ನು ಅವಳು ಮೆಂತೆ ಹೊಲಿಗೆಯಲ್ಲಿ ಕೂರಿಸಿದಳು.

ಪುಟಗಳ ಜೋಡಣೆ

ಹೊತ್ತಿಗೆಗೆ 8 ಹಾಳೆಗಳು ಸಾಕು. ಎ-4 ಅಳತೆಯ 8 ಹಾಳೆಗಳನ್ನು ನಡುವೆ ಮಡಚಿ ಒಂದರೊಳಗೊಂದು ಸೇರಿಸಿದರೆ 32 ಪುಟಗಳಾಗುತ್ತವೆ. ನಮ್ಮ ಹಂಚಿಕೆ ಹೀಗಿತ್ತು: 1ನೆಯ ಪುಟ ಹೆಸರು, 2, 3 ಅರಿಕೆ, 4, 5 ನಾಲ್ಕು ಹೊಲಿಗೆಗಳ ವಿವರ, 6ರಿಂದ 29ರವರೆಗೆ ಹನ್ನೆರಡು ವಿನ್ಯಾಸಗಳು, ಒಂದೊಂದಕ್ಕೆ ಎದುರುಬದುರು ಎರಡು ಪುಟ, 30, 31 ಮುಂದಿನವರು ತುಂಬಲೆಂದು ಖಾಲಿ ಚೌಕಗಳು, 32ರಲ್ಲಿ ವಿನ್ಯಾಸ ಹಾಕಿದವರ, ಹೇಳಿದವರ, ಬರೆದವರ ಹೆಸರುಗಳು.

ಪ್ರತಿ ವಿನ್ಯಾಸಕ್ಕೆ ಎಡಪುಟದಲ್ಲಿ ಪ್ರಾಣಿಯ ಚಿತ್ರ, ಅದು ಯಾವ ಸೀರೆಯಲ್ಲಿತ್ತು, ಯಾರು ಯಾವ ಸಂದರ್ಭದಲ್ಲಿ ಹಾಕಿದರು, ದಾರದ ಬಣ್ಣಗಳು, ಎಷ್ಟು ಹೊಲಿಗೆ ಅಗಲ ಎಷ್ಟು ಎತ್ತರ ಎಂಬ ಲೆಕ್ಕ. ಬಲಪುಟದಲ್ಲಿ ಚೌಕದ ನಕ್ಷೆ. ಹೊಲಿಯುವಾಗ ಪುಟ ತಿರುವುವ ತೊಂದರೆ ಬರಬಾರದು.

ಪುಟಸಂಖ್ಯೆ ಹಾಕುವುದರಲ್ಲಿ ಅನೇಕರು ಗೊಂದಲಕ್ಕೊಳಗಾಗುತ್ತಾರೆ. 32 ಪುಟಗಳ ಹೊತ್ತಿಗೆಯಲ್ಲಿ ಹಾಳೆಯ ಒಂದೇ ಮುಖದ ಮೇಲೆ ಬರುವ ಎರಡು ಸಂಖ್ಯೆಗಳನ್ನು ಕೂಡಿದರೆ ಯಾವಾಗಲೂ 33 ಆಗಬೇಕು: 32 ಮತ್ತು 1, 2 ಮತ್ತು 31, 30 ಮತ್ತು 3, ಹೀಗೆ. ಮೊದಲು ರದ್ದಿ ಕಾಗದವನ್ನು ಮಡಚಿ ಸಂಖ್ಯೆ ಬರೆದು ನೋಡಿಕೊಂಡರೆ ತಪ್ಪಾಗದು.

ಅಳತೆಯ ಲೆಕ್ಕವೂ ಸರಳ. 5 ಮಿಲಿಮೀಟರಿನ ಚೌಕದಲ್ಲಿ 35 ಹೊಲಿಗೆಯ ಆನೆ 175 ಮಿಲಿಮೀಟರ್ ಅಗಲವಾಗುತ್ತದೆ. ಅದನ್ನು ಶೇಕಡಾ 60ಕ್ಕೆ ಇಳಿಸಿದರೆ ಚೌಕ 3 ಮಿಲಿಮೀಟರ್, ಆನೆ 105 ಮಿಲಿಮೀಟರ್. ಮಡಚಿದ ಪುಟದ ಅಗಲ 148 ಮಿಲಿಮೀಟರ್ ಆದುದರಿಂದ ಹೊಲಿಗೆಯ ಕಡೆಗೆ 15 ಮಿಲಿಮೀಟರ್ ಬಿಟ್ಟರೂ ಆನೆ ನಿರಾಳವಾಗಿ ನಿಲ್ಲುತ್ತದೆ.

ನಮಗೆ ಒದಗಿದ ಒಂದು ಹಾನಿಯನ್ನು ಇಲ್ಲಿ ಹೇಳುವುದು ಒಳ್ಳೆಯದು. ಮೊದಲ ಸಲ ಒಂದು ಝೆರಾಕ್ಸ್ ಅಂಗಡಿಯಲ್ಲಿ ಎಲ್ಲ ಹಾಳೆಗಳನ್ನು ಕೊಟ್ಟು ಬಂದೆವು. ಅಲ್ಲಿ ಒಂದೊಂದನ್ನೂ ಪುಟಕ್ಕೆ ಹಿಡಿಸುವಂತೆ ಯಂತ್ರವೇ ಇಳಿಸಿದುದರಿಂದ ಒಂದು ಪುಟದ ಚೌಕ ಇನ್ನೊಂದಕ್ಕೆ ಹೊಂದಲಿಲ್ಲ. ಮೇಲಾಗಿ ಗ್ರಾಫಿನ ತಿಳಿಯಾದ ನೀಲಿಗೆರೆಗಳು ಮೂಡಲೇ ಇಲ್ಲ. ಚೌಕವಿಲ್ಲದ ಕಸೂತಿ ನಕ್ಷೆ ಸಂಖ್ಯೆಯಿಲ್ಲದ ಲೆಕ್ಕದಂತೆ. ಹತ್ತು ಪ್ರತಿಗಳ ಹಣ ವ್ಯರ್ಥವಾಯಿತು. ಎರಡನೆಯ ಸಲ ಚೌಕಗಳನ್ನು ಕಪ್ಪು ಶಾಯಿಯ ಸಣ್ಣ ಪೆನ್ನಿನಿಂದ ತಿದ್ದಿ, ಎಲ್ಲ ಹಾಳೆಗೂ ಶೇಕಡಾ 60 ಎಂದು ಬರೆದುಕೊಟ್ಟು, ಬಣ್ಣದ ಪ್ರತಿಯೊಂದನ್ನು ಮೊದಲು ತೆಗೆಸಿ ನೋಡಿ ಉಳಿದುದಕ್ಕೆ ಒಪ್ಪಿದೆವು.

ಹೊಲಿಗೆಗೆ ಮಡಿಕೆಯ ಮೇಲೆ ಮೂರು ರಂಧ್ರ ಮಾಡಬೇಕು: ನಡುವೆ ಒಂದು, ಮೇಲೆ ಕೆಳಗೆ ಒಂದೊಂದು. ದಾರವನ್ನು ಒಳಗಿನಿಂದ ನಡುವಣ ರಂಧ್ರದಲ್ಲಿ ಹೊರತೆಗೆದು, ಮೇಲಿನ ರಂಧ್ರದಿಂದ ಒಳಕ್ಕೆ, ಒಳಗಿನಿಂದ ನೇರ ಕೆಳಗಿನ ರಂಧ್ರಕ್ಕೆ, ಅಲ್ಲಿಂದ ಹೊರಬಂದು ಮತ್ತೆ ನಡುವಿನಲ್ಲಿ ಒಳಕ್ಕೆ ತರಬೇಕು. ಒಳಗಿನ ಉದ್ದ ಎಳೆಯನ್ನು ನಡುವೆ ಹಿಡಿದು ಎರಡು ತುದಿಗಳನ್ನು ಗಂಟು ಹಾಕಿದರೆ ಮುಗಿಯಿತು. ಒಳಗಿನ ಹಾಳೆಗಳು ತುಸು ಮುಂದೆ ಚಾಚುತ್ತವೆ. ಅಂಚನ್ನು ಕತ್ತರಿಸಿ ಸಮಮಾಡಬೇಕು. ನಾವು ದಪ್ಪ ಕಾಗದದ ಹೊದಿಕೆಗೆ ಹಳೆಯ ಖಣದ ತುಂಡನ್ನು ಅಂಟಿಸಿದೆವು.

ಅರೆ ಬಸವಣ್ಣ

ಹನ್ನೊಂದು ವಿನ್ಯಾಸಗಳು ಸಿದ್ಧವಾದವು. ಹನ್ನೆರಡನೆಯದು ಭಾಂಡೆಗೆ ಹೋದ ಸೀರೆಯ ಬಸವಣ್ಣ. ಅದನ್ನು ಕೇಳಲು ನನಗೆ ಬಾಯಿ ಬರಲಿಲ್ಲ. ಅತ್ತೆಯವರೇ ಒಂದು ದಿನ ಪೂಜೆ ಮುಗಿಸಿ ವಿಭೂತಿ ಹಚ್ಚಿಕೊಂಡು ಬಂದು ಕುಳಿತು, "ಬರಕೋ" ಎಂದರು. ಕೈಯಲ್ಲಿ ದಪ್ಪ ಉಣ್ಣೆಯ ದಾರ, ತೊಡೆಯ ಮೇಲೆ ದೊಡ್ಡ ರಂಧ್ರದ ಮ್ಯಾಟಿ. ಬೆರಳಿನಿಂದಲೇ ರಂಧ್ರಗಳನ್ನು ತಡವುತ್ತ, ಎರಡು ಮೇಲೆ, ಒಂದು ಓರೆ, ಮೂರು ಅಡ್ಡ ಎಂದು ಹೇಳುತ್ತ ಹೋದರು. ಅವರು ಹೇಳುತ್ತಿದ್ದುದು ಕಣ್ಣಿನ ನೆನಪಲ್ಲ, ಕೈಯ ನೆನಪು. ತಮ್ಮ ತಾಯಿಯ ಮಗ್ಗುಲಲ್ಲಿ ಕುಳಿತು ಹನ್ನೆರಡನೆಯ ವಯಸ್ಸಿನಲ್ಲಿ ಕಲಿತ ಎಣಿಕೆ. ಕೋಡು ಬಂತು, ಹಣೆ ಬಂತು, ಕೊರಳ ಗಂಟೆ, ಹಿಣಿಲು ಬಂದವು. ಬೆನ್ನಿನ ನಡುವೆ ಬೆರಳು ನಿಂತಿತು.

"ಮುಂದಿನದು ಬರವಲ್ದು," ಎಂದರು. ಮರುದಿನವೂ ಪ್ರಯತ್ನಿಸಿದರು. ಬರಲಿಲ್ಲ.

ನಾನು ಮೊದಲ ಬಾರಿಗೆ ಆ ಮಧ್ಯಾಹ್ನದ ಮಾತನ್ನೆತ್ತಿ, ತಪ್ಪಾಯಿತೆಂದು ಹೇಳಿದೆ. ಅವರು ನನ್ನ ಕೈ ಹಿಡಿದು, "ನೀ ಹುಡುಗಿ ಇದ್ದಿ. ನಾ ನಿನಗ ಹೇಳಿರಲಿಲ್ಲ. ಹೇಳದ ಇಟ್ಟವರದೂ ತಪ್ಪು ಐತಿ," ಎಂದರು.

ಉಳಿದ ಅರ್ಧವನ್ನು ಮಗಳು ತನ್ನ ಎತ್ತಿನ ಆಧಾರದಿಂದ ಪೂರ್ಣಗೊಳಿಸಬಹುದೆಂದಳು. ಅದು ಮೋಸವಾಗುವುದೇ ಎಂಬ ಅಳುಕು ನನಗಿತ್ತು. ಅತ್ತೆಯವರೇ ತೀರ್ಪು ಕೊಟ್ಟರು: "ನಮ್ಮ ಅವ್ವಂದು ಅವ್ವಂದಂತ ಬರಿ, ಆಕೀದು ಆಕೀದಂತ ಬರಿ. ಬಸವಣ್ಣ ಪೂರಾ ಆದರ ಸಾಕು."

ಹಾಗೆಯೇ ಮಾಡಿದೆವು. ನಮ್ಮ ಹೊತ್ತಿಗೆಯ 29ನೆಯ ಪುಟದಲ್ಲಿ ಬಸವಣ್ಣನ ಮುಂಭಾಗ ತುಂಬುಗೆರೆಯಲ್ಲಿದೆ, ಹಿಂಭಾಗ ಚುಕ್ಕೆಗೆರೆಯಲ್ಲಿದೆ. ತುಂಬುಗೆರೆ ಮುತ್ತಜ್ಜಿಯದು, ಚುಕ್ಕೆಗೆರೆ ಮರಿಮಗಳದು ಎಂದು ಕೆಳಗೆ ಬರೆದಿದ್ದೇವೆ. ಮೊದಲ ಪ್ರತಿಯನ್ನು ಅತ್ತೆಯವರು ಪೂಜೆಯ ಜಗಲಿಯ ಪಕ್ಕದ ಮಾಡದಲ್ಲಿ ಇಟ್ಟಿದ್ದಾರೆ. ಉಳಿದ ಪ್ರತಿಗಳು ನಾದಿನಿಯರಿಗೂ ತಂಗಿಯರಿಗೂ ಹೋದವು.

ಸಹೋದರಿಯರೇ, ನಿಮ್ಮ ಮನೆಯ ಟ್ರಂಕಿನ ತಳದಲ್ಲಿಯೂ ಒಂದು ಆನೆಯೋ ನವಿಲೋ ಇರಬಹುದು. ಅದನ್ನು ಹಾಕಿದವರು ಇಂದು ನಿಮ್ಮೊಡನೆ ಇರಬಹುದು. ಊರಿನ ಅಕ್ಕನ ಬಳಗದವರು ತಿಂಗಳಿಗೊಮ್ಮೆ ಸೇರುವಾಗ ಮನೆಗೊಂದರಂತೆ ಒಂದು ವಿನ್ಯಾಸವನ್ನು ತಂದು, ಎಣಿಸಿ, ಚೌಕದ ಹಾಳೆಗೆ ಇಳಿಸಿದರೆ ವರ್ಷದೊಳಗೆ ಪ್ರತಿ ಊರಿನಲ್ಲಿಯೂ ಇಂತಹದೊಂದು ಹೊತ್ತಿಗೆ ಸಿದ್ಧವಾಗುತ್ತದೆ. ಬೇಕಾದುದು ಎಂಟು ಹಾಳೆ, ಎರಡು ಬಣ್ಣದ ಪೆನ್ಸಿಲು, ಒಂದು ಸೂಜಿ, ಸ್ವಲ್ಪ ತಾಳ್ಮೆ. ಹಿರಿಯರ ಬಳಿ ಇಂದೇ ಕುಳಿತುಕೊಳ್ಳಿರಿ. ಅವರ ಬೆರಳು ಬೆನ್ನಿನ ನಡುವೆ ನಿಲ್ಲುವ ಮೊದಲು ಬರೆದುಕೊಳ್ಳಿರಿ.